ಚೆನ್ನಮ್ಮ ಒಬ್ಬರಲ್ಲ, ಇಬ್ಬರು

ಚೆನ್ನಮ್ಮ ಎಂದೊಡನೆ ನಮಗೆ ಕಿತ್ತೂರಿನ ರಾಣಿಯೇ ನೆನಪು. ಆದರೆ ಅವರಿಗಿಂತ ಮುಂಚೆ ಮಲೆನಾಡಿನ ಕೆಳದಿಯನ್ನು ಇನ್ನೊಬ್ಬ ಚೆನ್ನಮ್ಮ ಆಳಿದ್ದರು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೇ ಎದುರಿಸಿದರು. ಅದಾಗಿ 135 ವರ್ಷಕ್ಕೆ, 1824ರ ಅಕ್ಟೋಬರ್ 23ರಂದು, ಕಿತ್ತೂರು ಚೆನ್ನಮ್ಮನವರ ಪಡೆ ಇಂಗ್ಲಿಷರನ್ನು ಸೋಲಿಸಿತು. ಕಲೆಕ್ಟರ್ ಥ್ಯಾಕರೆ ಅಲ್ಲೇ ಸತ್ತ. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡರು. ಊರ ಹೆಸರು ಬಿಟ್ಟರೆ ಒಬ್ಬರ ಕೀರ್ತಿ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ.

ನಮ್ಮ ಖಾತೆ ಪುಸ್ತಕದಲ್ಲೂ ಒಮ್ಮೆ ಹೀಗೇ ಆಯ್ತು. ಒಂದೇ ಹೆಸರಿನ ಇಬ್ಬರು ಸದಸ್ಯರು. ಒಬ್ಬರು ಕಟ್ಟಿದ ಕಂತು ಇನ್ನೊಬ್ಬರಿಗೆ ಜಮಾ ಆಗಿ, ಸಾಲ ತೀರಿಸಿದವರ ಮನೆಗೇ ನೋಟೀಸು ಹೋಯ್ತು. ಅದಕ್ಕೆ ಸಹಿ ಹಾಕಿದವನು ನಾನೇ. ಆದ್ದರಿಂದ ರಸೀದಿಯಲ್ಲಿ ತಂದೆಯ ಹೆಸರು, ಊರು ನೋಡಿಕೊಳ್ಳಿ ಅಂತ ಕೈಮುಗಿದು ಕೇಳ್ತೇನೆ.