ವಲಸೆ ಕಾರ್ಮಿಕರ ಹಕ್ಕಿನ ಜಂಟಿ ಹೋರಾಟಗಳು (ಕರ್ನಾಟಕ)

ದುಡಿಯಲು ಊರು ಬಿಟ್ಟು ಬಂದು, ನೆಲೆಸಿದ ಜಾಗದ ಪಡಿತರ ಚೀಟಿಯಾಗಲಿ ವಿಳಾಸದ ದಾಖಲೆಯಾಗಲಿ ಇಲ್ಲದವರ ಸೂರು, ಅನ್ನ, ಕೂಲಿಗಾಗಿ ಕಾರ್ಮಿಕ ಸಂಘಗಳು, ವಕೀಲರು ಮತ್ತು ನಾಗರಿಕ ಹಕ್ಕು ಸಂಘಟನೆಗಳು ಕೂಡಿ ನಡೆಸಿದ ಹೋರಾಟಗಳು. ಈ ಕಾರ್ಮಿಕರನ್ನು ಗಡಿ ದಾಟಿ ಬಂದ ವಿದೇಶಿಯರೊಂದಿಗೆ ಸೇರಿಸಿ ಹೇಳುವುದರಿಂದ ಗೊಂದಲ ಬೆಳೆದಿದೆ. ಹಾಗೆ ನೋಡಿದರೆ, ನಾಗರಿಕರಲ್ಲದವರ ಜೀವವನ್ನೂ ಸರ್ಕಾರ ಕಾಯಬೇಕೆಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ (1996) ಸುಪ್ರೀಂ ಕೋರ್ಟ್ ಹೇಳಿದೆ.

ಹಿನ್ನೆಲೆ: ಜೀತ ಪದ್ಧತಿ ರದ್ದತಿ ಕಾಯ್ದೆ (1976), ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ (1979) ಬಂದ ಮೇಲೂ ಶೋಷಣೆ ನಿಲ್ಲಲಿಲ್ಲ. ಹಾಸನ ಜಿಲ್ಲೆಯ ಕಾಫಿ ತೋಟ, ಶುಂಠಿ ಹೊಲಗಳಿಗೆ ಹೊರಗಿನಿಂದ ಕೂಲಿಯವರು ಬರುತ್ತಾರೆ. 2018ರ ಡಿಸೆಂಬರಿನಲ್ಲಿ ಅರಸೀಕೆರೆ ತಾಲ್ಲೂಕಿನ ಶೆಡ್ಡೊಂದರಲ್ಲಿ ಕೂಡಿಹಾಕಿದ್ದ 52 ಮಂದಿ ಕಾರ್ಮಿಕರನ್ನು ಪೊಲೀಸರು ಬಿಡಿಸಿದರು. ಗೋಡೆ ಹಾರಿ ತಪ್ಪಿಸಿಕೊಂಡವನೊಬ್ಬನಿಂದ ವಿಷಯ ಹೊರಬಿದ್ದಿತ್ತು.

ಕರಿಯಮ್ಮನ ಅಗ್ರಹಾರ, 2020: ಅಕ್ರಮ ಬಾಂಗ್ಲಾದೇಶಿಗರಿದ್ದಾರೆ ಎಂಬ ಆರೋಪದ ಮೇಲೆ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಸಮೀಪದ ಈ ಜಾಗದ ಶೆಡ್ಡುಗಳನ್ನು ಕೆಡವಲಾಯಿತು. ಮೊದಲು ನೀರು, ಕರೆಂಟು ಕಡಿತ, ಆಮೇಲೆ ಜೆಸಿಬಿ. ಮುರಿದ ತಗಡು, ಟಾರ್ಪಾಲಿನ ನಡುವೆ ನಿಂತು ನಿವಾಸಿಗಳು ಆಧಾರ್, ಮತದಾರರ ಚೀಟಿ ತೋರಿಸಿದರು. ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡಿಗರೂ ಅಲ್ಲಿದ್ದರು. ನಾಗರಿಕ ಹಕ್ಕು ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಫೆಬ್ರುವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ಈ ತೆರವಿನ ವಿಷಯದಲ್ಲಿ ಪೊಲೀಸರ ಕ್ರಮ ಕಾನೂನುಬಾಹಿರ ಎಂದು ಹೇಳಿ, ಪುನರ್ವಸತಿಯ ಬಗ್ಗೆ ಸರ್ಕಾರದಿಂದ ಉತ್ತರ ಕೇಳಿತು.

ಲಾಕ್‌ಡೌನ್: ಬಿಲ್ಡರುಗಳ ಜೊತೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಸಭೆ ನಡೆಸಿದ ಬೆನ್ನಿಗೇ, 2020ರ ಮೇ ಮೊದಲ ವಾರ, ರಾಜ್ಯ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳನ್ನು ರದ್ದುಪಡಿಸಲು ರೈಲ್ವೆಯನ್ನು ಕೋರಿತು. ಕಾರ್ಮಿಕ ಸಂಘಟನೆಗಳ ವಿರೋಧ ಜೋರಾದಾಗ ಎರಡೇ ದಿನದಲ್ಲಿ ನಿರ್ಧಾರ ಬದಲಾಯಿತು. ಕಾರ್ಮಿಕ ಸಂಘಟನೆ ಎಐಸಿಸಿಟಿಯು ಮುಂತಾದವರ ಅರ್ಜಿಗಳ ವಿಚಾರಣೆಯಲ್ಲಿ ಹೈಕೋರ್ಟ್, ಟಿಕೆಟ್ ದುಡ್ಡಿಲ್ಲವೆಂಬ ಒಂದೇ ಕಾರಣಕ್ಕೆ ಯಾರೂ ತವರು ರಾಜ್ಯಕ್ಕೆ ಮರಳುವ ಅವಕಾಶ ಕಳೆದುಕೊಳ್ಳಬಾರದು ಎಂದಿತು.

ಈಚಿನ ಬೆಳವಣಿಗೆ: 2021ರಲ್ಲಿ ಸುಪ್ರೀಂ ಕೋರ್ಟ್ ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯ ಜಾರಿಗೆ ಗಡುವು ಕೊಟ್ಟಿತು, ಆಗಸ್ಟ್‌ನಲ್ಲಿ ಅಸಂಘಟಿತ ಕಾರ್ಮಿಕರ ನೋಂದಣಿಗೆ ಇ-ಶ್ರಮ್ ಪೋರ್ಟಲ್ ಬಂತು. ಅಲ್ಲಿ ನೋಂದಾಯಿಸಿಯೂ ಪಡಿತರ ಚೀಟಿಯಿಲ್ಲದ ಸುಮಾರು 8 ಕೋಟಿ ಮಂದಿಗೆ ಚೀಟಿ ಕೊಡಬೇಕೆಂದು 2023ರಲ್ಲೂ 2024ರಲ್ಲೂ ಅದೇ ಕೋರ್ಟ್ ಆದೇಶಿಸಬೇಕಾಯಿತು.

ಈ ಗೆಲುವುಗಳಲ್ಲಿ ಹೆಚ್ಚಿನವು ಕೋರ್ಟಿನಿಂದ ಬಂದವು. ಆದೇಶ ಹೊಲದ ಶೆಡ್ಡಿಗೂ ತೋಟದ ಲೈನ್ ಮನೆಗೂ ತಲುಪಬೇಕಾದರೆ, ಬೆಂಗಳೂರಿನಲ್ಲಿ ಕೂಡಿದಂಥ ಸಂಘಟನೆ ತಾಲ್ಲೂಕು ಮಟ್ಟದಲ್ಲೂ ಬೇಕು.