ಕೌಂಟರ್‌ಫಾಯಿಲಿನ ಪೂರ್ವಜರು

ಸರ್ಕಾರಿ ಕಚೇರಿಯಲ್ಲಿ ಲೇಖನಿ ಹಿಡಿದವರು ನಾವು. ದಿನ ಬೆಳಗಾದರೆ ಇಂಡೆಂಟ್, ಸ್ಟಾಕ್, ಟ್ಯಾಲಿ, ಕೌಂಟರ್‌ಫಾಯಿಲ್ ಎಂಬ ಮಾತುಗಳನ್ನು ಆಡುತ್ತಲೇ ಇರುತ್ತೇವೆ. ಇವುಗಳ ಮೂಲಾರ್ಥವೇನೆಂದು ಕೇಳಿದರೆ ಇಂಗ್ಲಿಷರಲ್ಲಿಯೂ ಅನೇಕರು ತಲೆ ಕೆರೆದುಕೊಂಡಾರು. ಹುಡುಕುತ್ತ ಹೋದರೆ ಇವೆಲ್ಲದರ ಹಿಂದೆ ಇರುವುದು ಒಂದೇ ಪ್ರಶ್ನೆ. ಕೊಟ್ಟವನು ಕೊಟ್ಟಿದ್ದೇನೆ ಎನ್ನುತ್ತಾನೆ, ಪಡೆದವನು ಪಡೆದಿಲ್ಲ ಎನ್ನುತ್ತಾನೆ; ನಂಬುವುದು ಯಾರನ್ನು?

ಮೊದಲು ಎಕ್ಸ್‌ಚೆಕರ್ ಎಂಬ ಪದವನ್ನು ನೋಡೋಣ. ಇಂಗ್ಲೆಂಡಿನ ರಾಜಬೊಕ್ಕಸದ ಹೆಸರು ಇದು; ಅಲ್ಲಿನ ಅರ್ಥಮಂತ್ರಿಯ ಪದವಿಯಲ್ಲಿ ಇಂದಿಗೂ ಉಳಿದಿದೆ. ಆದರೆ ಇದರ ಮೂಲಾರ್ಥ ಚದುರಂಗದ ಹಾಸು. 12ನೆಯ ಶತಮಾನದಲ್ಲಿ, ಎರಡನೆಯ ಹೆನ್ರಿಯ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ ಈ ಬೊಕ್ಕಸದ ಪದ್ಧತಿಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಸುಮಾರು 10 ಅಡಿ ಉದ್ದ, 5 ಅಡಿ ಅಗಲದ ಮೇಜು. ಅದರ ಮೇಲೆ ಗೆರೆಗಳುಳ್ಳ ಕಪ್ಪು ಬಟ್ಟೆ. ರೋಮನ್ ಅಂಕಿಗಳಲ್ಲಿ ಕೂಡಿ ಕಳೆಯುವುದು ತೊಡಕಿನ ಕೆಲಸವಾದ್ದರಿಂದ, ಆ ಮನೆಗಳಲ್ಲಿ ಬಿಲ್ಲೆಗಳನ್ನಿಟ್ಟು ಲೆಕ್ಕ ಹಾಕುತ್ತಿದ್ದರು. ಕಂದಾಯ ತಂದ ಶೆರೀಫ ಒಂದು ಕಡೆ, ಖಜಾಂಚಿ ಇನ್ನೊಂದು ಕಡೆ. ಇದು ಚದುರಂಗದ ಆಟದಂತೆಯೇ ಎಂದು ಫಿಟ್ಜ್‌ನೀಲನೇ ಹೇಳುತ್ತಾನೆ. ದೊರೆ ಎಂಬರ್ಥದ ಫಾರಸಿಯ 'ಶಾಹ್' ಚದುರಂಗದೊಡನೆ ಯೂರೋಪಿಗೆ ಹೋಗಿ, ಲ್ಯಾಟಿನ್, ಫ್ರೆಂಚ್ ನಾಲಗೆಗಳಲ್ಲಿ ಸವೆದು ಈ ರೂಪ ತಾಳಿತು. ನಾವು ಬ್ಯಾಂಕಿಗೆ ಬರೆದುಕೊಡುವ ಚೆಕ್ಕೂ ಇದೇ ವಂಶದ್ದು.

ಲೆಕ್ಕ ಮುಗಿದ ಮೇಲೆ ರಸೀದಿ ಬೇಕಲ್ಲವೆ? ಓದುಬರಹ ಬಲ್ಲವರು ವಿರಳವಾಗಿದ್ದ ಕಾಲ ಅದು. ಆದ್ದರಿಂದ ರಸೀದಿ ಕಾಗದದ್ದಲ್ಲ, ಮರದ್ದು. ಹೇಜಲ್ ಎಂಬ ಮರದ ಕಡ್ಡಿಯೇ ಟ್ಯಾಲಿ. ಸಂದಾಯವಾದ ಹಣಕ್ಕೆ ತಕ್ಕಂತೆ ಅದರಲ್ಲಿ ಕಚ್ಚು ಹಾಕುತ್ತಿದ್ದರು. 1,000 ಪೌಂಡಿಗೆ ಅಂಗೈಯ ದಪ್ಪದ ಕಚ್ಚು, 100 ಪೌಂಡಿಗೆ ಹೆಬ್ಬೆರಳಿನಷ್ಟು, 20ಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಜವೆಗೋಧಿ ಕಾಳಿನಷ್ಟು, ಪೆನ್ನಿಗೆ ಬರಿಯ ಗೀರು.

ಬಳಿಕ ಆ ಕಡ್ಡಿಯನ್ನು ಕಚ್ಚುಗಳ ಅಡ್ಡಲಾಗಿ ಉದ್ದಕ್ಕೆ ಸೀಳುತ್ತಿದ್ದರು. ಉದ್ದನೆಯ ಹೋಳಿಗೆ ಸ್ಟಾಕ್ ಎಂದು ಹೆಸರು. ಅದು ಹಣ ಕೊಟ್ಟವನ ಪಾಲಿಗೆ. ಗಿಡ್ಡ ಹೋಳು ಫಾಯಿಲ್. ಎಲೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಅದು ಬೊಕ್ಕಸದಲ್ಲಿ ಉಳಿಯುತ್ತಿತ್ತು. ತಕರಾರು ಬಂದಾಗ ಎರಡನ್ನೂ ಜೋಡಿಸಿ ನೋಡಿದರೆ ಸಾಕು. ಒಬ್ಬನು ತನ್ನ ಹೋಳಿನಲ್ಲಿ ಹೊಸ ಕಚ್ಚು ಹಾಕಿದರೆ ಇನ್ನೊಂದರಲ್ಲಿ ಅದು ಇರುವುದಿಲ್ಲ. ಬೇರೆ ಕಡ್ಡಿ ತಂದರೆ ಮರದ ಎಳೆಗಳೇ ಕೂಡುವುದಿಲ್ಲ. 'ಲೆಕ್ಕ ಟ್ಯಾಲಿ ಆಯಿತು' ಎಂದು ನಾವು ನಿಟ್ಟುಸಿರು ಬಿಡುವಾಗ, ಈ ಎರಡು ಹೋಳುಗಳು ಕೂಡಿಕೊಂಡ ಕಥೆಯನ್ನೇ ಹೇಳುತ್ತಿರುತ್ತೇವೆ.

ಇಂಡೆಂಟಿನ ಕಥೆಯೂ ಇಂಥದೇ. ಒಂದೇ ಚರ್ಮಪಟದ ಮೇಲೆ ಒಂದೇ ಕರಾರನ್ನು ಎರಡು ಸಲ ಬರೆದು, ನಡುವೆ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಕತ್ತರಿಸಿ, ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಕೊಡುತ್ತಿದ್ದರು. ಹಲ್ಲಿಗೆ ಹಲ್ಲು ಕೂಡಿದರೆ ಪತ್ರ ಅಸಲು. ಅದಕ್ಕೇ ಅದು ಇಂಡೆಂಚರ್. ಲ್ಯಾಟಿನ್ನಿನ 'ಡೆನ್ಸ್' ಹಾಗೂ ನಮ್ಮ 'ದಂತ' ಒಡಹುಟ್ಟಿದ ಮಾತುಗಳು. ಅದೇ ಮಾತು ಭಾರತದ ಕಚೇರಿಗಳಲ್ಲಿ ಕಾಗದ, ಶಾಯಿ, ಕುರ್ಚಿಗಳಿಗೆ ಸಲ್ಲಿಸುವ ಬೇಡಿಕೆಯ ಚೀಟಿಯಾಗಿ ಕುಳಿತಿದೆ.

ಟ್ಯಾಲಿ ಕಡ್ಡಿಗಳು ಏಳು ಶತಮಾನ ಬಾಳಿದವು. 1780ರ ದಶಕದಲ್ಲಿ ಅವುಗಳನ್ನು ಕೈಬಿಡಲು ಕಾಯಿದೆಯಾಯಿತು. ಆದರೆ ಹಳೆಯ ಅಧಿಕಾರಿಗಳು ಸ್ಥಾನ ತೆರವು ಮಾಡಿದ ಮೇಲೆ ಜಾರಿಗೆ ಬರಬೇಕೆಂಬ ಷರತ್ತು ಇದ್ದುದರಿಂದ, ಅದು ಕೈಗೂಡಿದ್ದು 1826ರಲ್ಲಿ! ನಮ್ಮ ಕಡತಗಳ ನಿಧಾನವನ್ನು ಹಳಿಯುವವರು ಇದನ್ನು ಗಮನಿಸಬೇಕು. 1834ರ ಅಕ್ಟೋಬರ್ 16ರಂದು ಉಳಿದಿದ್ದ ಕಡ್ಡಿಗಳನ್ನು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಲ್ಲಿ ಉರಿಸಲಾಯಿತು. ಹೊಗೆಗೂಡು ಮಿತಿಮೀರಿ ಕಾದು ಬೆಂಕಿ ಹತ್ತಿತು. ಪಾರ್ಲಿಮೆಂಟಿನ ಎರಡೂ ಸಭಾಭವನಗಳು ಸುಟ್ಟುಹೋದವು. ಆ ಕಡ್ಡಿಗಳನ್ನು ನೆರೆಯ ಬಡವರ ಒಲೆಗೆ ಸೌದೆಯಾಗಿ ಕೊಡಬಹುದಿತ್ತಲ್ಲ ಎಂದು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1855ರ ಒಂದು ಭಾಷಣದಲ್ಲಿ ಕುಟುಕಿದ.

ವಸ್ತು ಬೂದಿಯಾದರೂ ಮಾತು ಉಳಿಯಿತು. ಕನ್ನಡದಲ್ಲಿಯೂ ಹೀಗೆಯೇ ಆಗಿದೆ. ಮೇಲೆ ನಾವು ಫೈಲಿಗೆ 'ಕಡತ' ಎಂದೆವಷ್ಟೆ. ಕಡತವೆಂದರೆ ಹಿಂದೆ ಹುಣಿಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ ಮಡಿಚಿದ ಬಟ್ಟೆಯ ಪುಸ್ತಕ. ಬಳಪದಿಂದ ಅದರಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಬಟ್ಟೆ ಹೋಯಿತು, ಬಳಪ ಹೋಯಿತು, ಕಡತ ಮಾತ್ರ ನಮ್ಮ ಮೇಜಿನ ಮೇಲಿದೆ.

ಈಗ ಕಾಗದದ ಕೌಂಟರ್‌ಫಾಯಿಲೂ ಮರೆಯಾಗುತ್ತಿದೆ. ಅದರ ಜಾಗಕ್ಕೆ ಕಂಪ್ಯೂಟರಿನ ಪರದೆಯ ಮೇಲೊಂದು ಸಂಖ್ಯೆ ಬಂದಿದೆ. ಬರಲಿ. ಆದರೆ ಆ ಹಳೆಯ ಕಡ್ಡಿಯ ನ್ಯಾಯ ಮರೆಯುವಂಥದಲ್ಲ: ಪುರಾವೆಯ ಅರ್ಧ ದೊರೆಯ ಬಳಿ ಇದ್ದರೆ ಇನ್ನರ್ಧ ಹಣ ಕೊಟ್ಟವನ ಕೈಯಲ್ಲಿರಬೇಕು, ಅದೂ ಉದ್ದನೆಯ ಹೋಳು. ಕಿಟಕಿಯಾಚೆ ನಿಂತು 'ಸ್ವಾಮಿ, ರಸೀದಿ ಕೊಡಿ' ಎಂದು ಕೇಳುವವನು ನಮ್ಮನ್ನು ಅನುಮಾನಿಸುತ್ತಿಲ್ಲ. ತನ್ನ ಪಾಲಿನ ಹೋಳನ್ನು ಕೇಳುತ್ತಿದ್ದಾನೆ.