ಅಪಧಮನಿ ಕಾಠಿಣ್ಯ ಮತ್ತು ರೋಗಾಣು ಸಿದ್ಧಾಂತ: ಒಂದು ಚಾರಿತ್ರಿಕ ಅವಲೋಕನ

ರೋಗಕ್ಕೊಂದು ಕಾರಣವನ್ನೂ ಆ ಕಾರಣಕ್ಕೊಂದು ಹೆಸರನ್ನೂ ಹುಡುಕುವುದು ಮಾನವನ ಪುರಾತನ ಪ್ರವೃತ್ತಿ. ಸಿಡುಬನ್ನು 'ಅಮ್ಮ' ಎಂದು ಕರೆದ ನಮ್ಮ ಜನಪದರಲ್ಲಿಯೂ, ಒಂದೊಂದು ರೋಗಕ್ಕೆ ಒಂದೊಂದು ಸೂಕ್ಷ್ಮಜೀವಿಯನ್ನು ಗುರುತಿಸಿದ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳಲ್ಲಿಯೂ ಈ ಪ್ರವೃತ್ತಿಯನ್ನು ಕಾಣಬಹುದು. ವ್ಯತ್ಯಾಸವಿರುವುದು ಪರೀಕ್ಷೆಯ ವಿಧಾನದಲ್ಲಿ. ಅಪಧಮನಿ ಕಾಠಿಣ್ಯದ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ.

ಅಪಧಮನಿಯ ಒಳಭಿತ್ತಿಯಲ್ಲಿ ಕೊಬ್ಬು, ಜೀವಕೋಶಗಳು ಹಾಗೂ ಸುಣ್ಣದ ಅಂಶ ಶೇಖರಗೊಂಡು ರಕ್ತದ ಹಾದಿ ಕಿರಿದಾಗುವುದೇ ಈ ರೋಗ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಶೋ ಇದರಲ್ಲಿ ಉರಿಯೂತದ ಪಾತ್ರವನ್ನು ಗುರುತಿಸಿದನು. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟರಾಲ್ ಉಣಿಸಿ ಇಂತಹ ವಿಕಾರವನ್ನುಂಟುಮಾಡಿದ ತರುವಾಯ ಕೊಬ್ಬಿನ ವಾದವು ಕ್ರಮೇಣ ಪ್ರಾಬಲ್ಯ ಪಡೆಯಿತು.

1988ರಲ್ಲಿ ಫಿನ್ಲೆಂಡಿನ ಪೆಕ್ಕಾ ಸೈಕ್ಕು ಮತ್ತು ಸಂಗಡಿಗರು ಹೃದಯಾಘಾತಕ್ಕೊಳಗಾದವರ ರಕ್ತದಲ್ಲಿ ಕ್ಲಮೈಡಿಯ ನ್ಯುಮೋನಿಯೆ ಎಂಬ ಶ್ವಾಸಕೋಶದ ಬ್ಯಾಕ್ಟೀರಿಯಾದ ವಿರುದ್ಧ ಪ್ರತಿಕಾಯಗಳು ಹೆಚ್ಚಾಗಿರುವುದನ್ನು ವರದಿ ಮಾಡಿದರು. 1992ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು ಆ ಜೀವಿಯನ್ನು ಹೃದಯದ ಅಪಧಮನಿಗಳಲ್ಲಿಯೇ ಕಂಡರು. ಹೊಟ್ಟೆಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣವೆಂಬುದು ಆ ವೇಳೆಗೆ ಮನವರಿಕೆಯಾಗುತ್ತಿದ್ದುದರಿಂದ, ಹೃದ್ರೋಗವನ್ನೂ ಪ್ರತಿಜೈವಿಕಗಳಿಂದ ತಡೆಯಬಹುದೆಂಬ ಆಸೆ ಚಿಗುರಿತು.

ಆ ಆಸೆಯನ್ನು ಒರೆಗೆ ಹಚ್ಚಲಾಯಿತು. 2005ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ, ತಲಾ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ಪೈಕಿ ಕೆಲವರಿಗೆ ದೀರ್ಘಕಾಲ ಪ್ರತಿಜೈವಿಕವನ್ನೂ ಉಳಿದವರಿಗೆ ಔಷಧಾಂಶವಿಲ್ಲದ ಮಾತ್ರೆಯನ್ನೂ ಕೊಡಲಾಗಿತ್ತು. ಪ್ರತಿಜೈವಿಕದಿಂದ ಪ್ರಯೋಜನ ಕಂಡುಬರಲಿಲ್ಲ. 2006ರ ಡೆನ್ಮಾರ್ಕಿನ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿಯೇ ಹೃದಯ ಸಂಬಂಧಿ ಸಾವುಗಳು ಹೆಚ್ಚಾಗಿದ್ದವು. ಹೊಟ್ಟೆಹುಣ್ಣಿನ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ವಾರೆನ್ ಮತ್ತು ಮಾರ್ಷಲ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದದ್ದೂ 2005ರಲ್ಲಿಯೇ ಎಂಬುದು ಗಮನಾರ್ಹ. ಒಂದೆಡೆ ಗೆದ್ದ ಊಹೆ ಇನ್ನೊಂದೆಡೆಯೂ ಗೆಲ್ಲಬೇಕೆಂಬ ನಿಯಮವಿಲ್ಲ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಾಗ ಕಾಗೆಯೇ ಕಾರಣವೆನ್ನಲಾಗದು ಎಂಬ ಜನಪದ ವಿವೇಕ ಇಲ್ಲಿ ಸಲ್ಲುತ್ತದೆ. ರೋಗಸ್ಥಳದಲ್ಲಿ ಜೀವಿ ದೊರೆತ ಮಾತ್ರಕ್ಕೆ ಅದು ಅಪರಾಧಿಯಾಗದು. ರೋಗಗ್ರಸ್ತ ಭಿತ್ತಿಯಲ್ಲಿ ತರುವಾಯ ನೆಲೆಸಿರಲೂಬಹುದು. ಹಾಗೆಂದು ಪ್ರಶ್ನೆ ಮುಗಿದಿಲ್ಲ. ಉರಿಯೂತವನ್ನು ತಗ್ಗಿಸುವ ಔಷಧದಿಂದ ಹೃದಯಾಘಾತಗಳು ಕಡಿಮೆಯಾಗುತ್ತವೆಂದು 2017ರ ಪ್ರಯೋಗವೊಂದು ತೋರಿಸಿ, ವಿರ್ಶೋವಿನ ನಿಲುವಿಗೆ ಬಲ ತಂದಿತು. 2025ರಲ್ಲಿ ಫಿನ್ಲೆಂಡಿನ ಸಂಶೋಧಕರು ಅಪಧಮನಿಯ ಕೊಬ್ಬಿನ ಗಂಟುಗಳೊಳಗೆ ಬಾಯಿಯ ಬ್ಯಾಕ್ಟೀರಿಯಾಗಳು ಪೊರೆಗಟ್ಟಿ ಅಡಗಿರುವುದನ್ನು ವರದಿ ಮಾಡಿದ್ದಾರೆ. ಅವು ಕಾರಣವೋ ಸಹಚರಿಗಳೋ ಎಂಬುದನ್ನು ಮತ್ತೆ ಪ್ರಯೋಗವೇ ನಿರ್ಣಯಿಸಬೇಕು.